ಹೊಟ್ಟೆಗೆ ಕಟ್ಟಿದ ಬಟ್ಟೆ

ಕಾರ್ಕಳದ ಭಾವನನ್ನು, ಅಂದರೆ ನನ್ನ ಗಂಡನ ಅಣ್ಣನನ್ನು, ನಾನು ಇಂದಿಗೂ ಕ್ಷಮಿಸಿಲ್ಲ. ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಎನ್ನುವವರಿದ್ದಾರೆ. ಅವರು ಬೇಕಾದರೆ ಓದುವುದು ಬೇಡ.

ಎಪ್ಪತ್ತರ ದಶಕದ ಕೊನೆ. ಶಿರ್ವದಲ್ಲಿ ಒಂದು ಮನೆಗೆ ಹಂಚು ಹಾಸುವಾಗ ನನ್ನ ಗಂಡ ಮಾಡಿನಿಂದ ಬಿದ್ದು ಕುತ್ತಿಗೆ ಮುರಿದುಕೊಂಡರು; ಕುತ್ತಿಗೆಯಿಂದ ಕೆಳಗೆ ಮೈ ಸ್ವಾಧೀನ ತಪ್ಪಿತು. ಮಣಿಪಾಲದ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಇದ್ದು ಕಾಪುವಿನ ಮನೆಗೆ ಹೊರಡುವಾಗ, ವ್ಯಾಯಾಮ ಮಾಡಿಸುವ ಹುಡುಗಿ ನನಗೆ ಎರಡು ಕೆಲಸ ಕಲಿಸಿ ಕಳಿಸಿದಳು. ಇವರಿಗೆ ಕೆಮ್ಮುವ ಬಲವಿಲ್ಲ. ಕಫ ಕಟ್ಟಿದಾಗ ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು, ಅವರು ಉಸಿರು ಬಿಡುವ ಹೊತ್ತಿಗೆ ಸರಿಯಾಗಿ ನಾನು ಒಳಕ್ಕೂ ಮೇಲಕ್ಕೂ ಒತ್ತಬೇಕು. ಇನ್ನು ಕೂರಿಸುವ ಮೊದಲು ಹೊಟ್ಟೆಗೆ ಅಗಲದ ಬಟ್ಟೆ ಬಿಗಿದು ಕಟ್ಟಿ, ಸ್ವಲ್ಪ ಸ್ವಲ್ಪವೇ ಎಬ್ಬಿಸಬೇಕು.

"ಇಲ್ಲದಿದ್ದರೆ ರಕ್ತವೆಲ್ಲ ಕಾಲಿಗೆ ಇಳಿಯುತ್ತದೆ, ಹೃದಯಕ್ಕೆ ಸುಧಾರಿಸಿಕೊಳ್ಳಲು ಆಗುವುದಿಲ್ಲ. ಮಲಗಿದಾಗಲೇ ಇವರಿಗೆ ಉಸಿರಾಟ ಸಲೀಸು" ಎಂದಿದ್ದಳು.

ಇದನ್ನು ಯಾರೂ ನಂಬಲಿಲ್ಲ. ಉಸಿರಿಗೆ ಕಷ್ಟವಾದವರನ್ನು ದಿಂಬಿಗೆ ಒರಗಿಸಿ ಕೂರಿಸುವುದಷ್ಟೇ ಎಲ್ಲರಿಗೂ ಗೊತ್ತು. ನೋಡಲು ಬಂದವರೆಲ್ಲ ನನ್ನನ್ನು ಮೈಗಳ್ಳಿ ಎಂದು ತೀರ್ಮಾನಿಸಿ ಹೋದರು.

ಒಂದು ಭಾನುವಾರ ಭಾವ ನಾಲ್ಕು ಜನ ನೆಂಟರನ್ನು ಕಟ್ಟಿಕೊಂಡು ಬಂದರು. ಆಗಷ್ಟೇ ಗಂಡನನ್ನು ಕೂರಿಸಿ ಗಂಜಿ ಕುಡಿಸಿ, ಹೊಟ್ಟೆಯ ಬಟ್ಟೆ ಬಿಚ್ಚದೆಯೇ ಮಲಗಿಸಿ ನಾನು ಬಾವಿಕಟ್ಟೆಗೆ ಹೋಗಿದ್ದೆ. ಮರಳಿ ಬಂದು ನೋಡಿದರೆ ಇವರನ್ನು ಗೋಡೆಗೆ ಒರಗಿಸಿ ನೆಟ್ಟಗೆ ಕೂರಿಸಿದ್ದಾರೆ. ಹೊಟ್ಟೆಯ ಬಟ್ಟೆ ಮೂಲೆಯಲ್ಲಿ ಬಿದ್ದಿದೆ.

"ಎಂತ ಮಾರಾಯ್ತಿ, ಹೊಟ್ಟೆಗೆ ಹೀಗೆ ಬಿಗಿದರೆ ಉಸಿರು ಬರುವುದುಂಟಾ? ಹೆಣದ ಹಾಗೆ ಮಲಗಿಸಿ ಇಟ್ಟಿದ್ದಿ. ನೋಡು, ಈಗ ಎಷ್ಟು ಸಮಾಧಾನದಲ್ಲಿ ಇದ್ದಾನೆ!" ಎಂದರು ಭಾವ.

ಸಮಾಧಾನವಂತೆ! ತುಟಿ ಬಿಳಿಚಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು. ಕೂಗಿ ಹೇಳುವಷ್ಟು ಉಸಿರೇ ಇವರಲ್ಲಿ ಇರಲಿಲ್ಲ. ನಾನು ಭಾವನನ್ನು ಎರಡೂ ಕೈಯಿಂದ ದೂಡಿದೆ. ಇವರನ್ನು ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು ನನ್ನ ಹೆಗಲಿಗೆ ಏರಿಸಿಕೊಂಡೆ.

"ತಮ್ಮನನ್ನು ಕೊಲ್ಲಲಿಕ್ಕೆ ಬಂದದ್ದಾ ನೀವು? ಹೊರಗೆ ಹೋಗಿ!" ಎಂದು ಕಿರುಚಿದೆ.

ಎಲ್ಲರೂ ಮುಖ ಗಂಟು ಹಾಕಿಕೊಂಡು ಅಂಗಳಕ್ಕೆ ಇಳಿದರು. ಸ್ವಲ್ಪ ಹೊತ್ತಿಗೆ ಇವರ ಮುಖಕ್ಕೆ ಬಣ್ಣ ಬಂತು, ತುಟಿ ಅಲುಗಿತು. ಒಂದು ಉಸಿರಿಗೆ ಎರಡು ಮೂರು ಪದ, ಅಷ್ಟೇ ಇವರಿಂದ ಆಗುತ್ತಿದ್ದುದು. ನಾನು ಬಗ್ಗಿ ಕಿವಿ ಕೊಟ್ಟೆ.

"ಅಣ್ಣನ ಹತ್ತಿರ... ಕ್ಷಮೆ ಕೇಳು."

ನಾನು ಕೇಳಲಿಲ್ಲ. ರಾತ್ರಿಯವರೆಗೂ ಇವರು ನನ್ನ ಕಡೆ ಮುಖ ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಕಫ ಕಟ್ಟಿತು, ಗಂಟಲು ಗೊರಗೊರ ಎನ್ನತೊಡಗಿತು. ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟೆ. ಒತ್ತಲಿಲ್ಲ. ಇವರು ನನ್ನನ್ನೇ ನೋಡುತ್ತಿದ್ದರು. ಆ ಕಣ್ಣಿನಲ್ಲಿ ಅಣ್ಣನ ಯೋಚನೆ ಇರಲಿಲ್ಲ.

ಅದು ಖಾತ್ರಿಯಾದ ಮೇಲೆ ಒತ್ತಿದೆ.