ಅವ್ವಿ ಕುದಿಸಿದ ಅಂಟು, ದಿಲ್ಲಿಯ ಚೀಟಿ

ಅವರ್ಸಾದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿತ್ತಿಲ ಒಲೆಯ ಮೇಲೆ ಊಟಕ್ಕೆ ಬಳಸದ ಒಂದು ಪಾತ್ರೆ ಕುದಿಯುತ್ತಿದೆ. ಮೈದಾ ಹಿಟ್ಟು, ನೀರು, ಹುಳ ಮುಟ್ಟದಿರಲೆಂದು ಚಿಟಿಕೆ ಮೈಲುತುತ್ತ. ಎಪ್ಪತ್ತಾರರ ಹೊನ್ನು ಮರದ ಸಟ್ಟುಗದಿಂದ ಒಂದೇ ಸಮನೆ ತಿರುವುತ್ತಿದ್ದಾರೆ. ಪಕ್ಕದಲ್ಲಿ ಮಗಳು ಬೇಬಿ ನಾಯ್ಕ ಸೋಸುವ ಬಟ್ಟೆ ಹಿಡಿದು ಕಾಯುತ್ತಿದ್ದಾರೆ.

"ಸಾಕನೇ?"

"ಇನ್ನೂ ಹಸಿ ವಾಸನೆ ಅದೆ. ಬಿಡು, ಅವ್ಸರ ಮಾಡ್ಬೇಡ."

ಪಾತ್ರೆ ಇಳಿಸುವ ಮೊದಲು ಬೇಬಿ ಅದರ ಅಂಚು ಮುಟ್ಟಿ ನೋಡುತ್ತಾರೆ. ತಾಯಿಯ ಬೆರಳಿಗೆ ಬಿಸಿ ತಿಳಿಯುವುದಿಲ್ಲ. ಎಡಗೈಯ ಎರಡು ಬೆರಳು ಒಳಕ್ಕೆ ಮಡಚಿಕೊಂಡಿವೆ. ಪ್ರಾಯದಲ್ಲಿ ಬಂದ ಕುಷ್ಠರೋಗ ಮಾತ್ರೆಯಿಂದ ಪೂರ್ತಿ ಗುಣವಾಗಿ ಹತ್ತಿರ ಹತ್ತಿರ ನಲವತ್ತು ವರ್ಷ ಆಯಿತು. ಬೆರಳು ಮಾತ್ರ ಹಾಗೇ ಉಳಿದವು.

ಆರಿದ ಅಂಟು ಸ್ಟೀಲಿನ ಡಬ್ಬಿ ಸೇರುತ್ತದೆ. ಡಬ್ಬಿ ಬೇಬಿಯವರ ಜತೆ ಬಸ್ಸು ಹತ್ತಿ ಕಾರವಾರಕ್ಕೆ ಹೋಗುತ್ತದೆ. ಅಲ್ಲಿ ಅದು ಹಿಡಿದಿಡುವುದು ಸಂಸತ್ತಿನ ಮಾತನ್ನು.

ಕಾರವಾರದಲ್ಲಿ ದಿವಂಗತ ವಕೀಲರೊಬ್ಬರ ಹೆಸರಿನ ಸಣ್ಣ ಟ್ರಸ್ಟ್ ನಡೆಸುವ ಕಾನೂನು ಗ್ರಂಥಾಲಯವೊಂದಿದೆ. ಬೇಬಿ ಅಲ್ಲಿ ಅಟೆಂಡರ್. ಕಸ ಗುಡಿಸುವುದು, ಕಿಟಕಿ ತೆಗೆಯುವುದು ಎಲ್ಲ ಅವರದೇ. ಆದರೆ ಅವರ ನಿಜವಾದ ಕೆಲಸ ಚೀಟಿ ಅಂಟಿಸುವುದು.

ನಾವು ಪತ್ರಿಕೆಯಲ್ಲಿ 'ಉಭಯ ಸದನಗಳಲ್ಲಿ ಮಸೂದೆ ಅಂಗೀಕಾರ' ಎಂದು ಓದಿ ಪುಟ ಮಗುಚುತ್ತೇವೆ. ರಾಷ್ಟ್ರಪತಿಯವರ ಸಹಿ ಬಿದ್ದು, ರಾಜಪತ್ರದಲ್ಲಿ ಅಚ್ಚಾಗಿ, ಜಾರಿಗೆ ಬಂದ ಮೇಲೆ ಆ ಮಸೂದೆ ಒಂದು ಹಾಳೆಯಾಗಿ ಈ ಮೇಜಿಗೆ ಬರುತ್ತದೆ. ಬಹಳ ಸಲ ಅದು ಇಡೀ ಹೊಸ ಕಾಯ್ದೆಯಲ್ಲ. ಹಳೆಯ ಕಾಯ್ದೆಗೆ ಹಾಕುವ ತೇಪೆ. ಇಂಥ ಕಲಮಿನಲ್ಲಿ ಇಂಥ ಪದದ ಬದಲು ಇಂಥ ಪದವನ್ನು ಇಡತಕ್ಕದ್ದು. ಇಂಥ ಉಪಕಲಮಿನ ನಂತರ ಇದನ್ನು ಸೇರಿಸತಕ್ಕದ್ದು. ಇಂಥ ಮಾತನ್ನು ಬಿಟ್ಟುಬಿಡತಕ್ಕದ್ದು. ಗ್ರಂಥಪಾಲಕ ಪುಂಡಲೀಕ ಮಾಸ್ತರರು ಇಂಗ್ಲಿಷಿನ ಹಾಳೆ ಹಿಡಿದು ಕನ್ನಡದಲ್ಲಿ ಹೇಳುತ್ತ ಹೋಗುತ್ತಾರೆ. ಬೇಬಿ ಕತ್ತರಿಸಿ, ಪುಟ ಹುಡುಕಿ, ಅಂಟಿಸುತ್ತ ಹೋಗುತ್ತಾರೆ. ದೀಪದ ಮುಂದೆ ಯಕ್ಷಗಾನದ ಪದ್ಯ ಕೇಳಿ ಬೆಳೆದ ಬೇಬಿಯವರ ಕಿವಿಗೆ ಆ 'ತಕ್ಕದ್ದು' ಪ್ರತಿ ಸಾಲಿನ ಕೊನೆಗೂ ಬಂದು ಕೂರುವುದು ಪಲ್ಲವಿಯಂತೆ ಕೇಳುತ್ತದೆ. ಕೇಳುವವರು ಮಾತ್ರ ಇಬ್ಬರೇ.

ಅಧಿವೇಶನ ಮುಗಿದ ಕೆಲವು ತಿಂಗಳಲ್ಲಿ ದಿನಕ್ಕೆ ಮೂವತ್ತು, ನಲವತ್ತು ಚೀಟಿ. ಉಳಿದ ದಿನ ಒಂದೂ ಇಲ್ಲದೆ ಹೋಗುವುದೂ ಉಂಟು. ಆಗ ಬೇಬಿ ಹಳೆಯ ಪುಸ್ತಕಗಳ ಬೆನ್ನು ಒರೆಸುತ್ತ ಕೂರುತ್ತಾರೆ. ಈಗ ಎಲ್ಲ ಮೊಬೈಲಿನಲ್ಲೇ ಸಿಗುವುದರಿಂದ ಓದುವವರು ಬರುವುದೇ ಅಪರೂಪ. ಮಧ್ಯಾಹ್ನದ ಹೊತ್ತು ಫ್ಯಾನಿನ ಸದ್ದು, ದೂರದಲ್ಲಿ ಬಂದರಿನ ಕಡೆಯ ಲಾರಿಗಳ ಸದ್ದು, ಅಷ್ಟೆ.

ಒಂದು ಕಾಲದಲ್ಲಿ ಇಲ್ಲೂ ಗದ್ದಲವಿತ್ತು. ೧೯೫೬ರ ವೈದ್ಯಕೀಯ ಪರಿಷತ್ತಿನ ಕಾಯ್ದೆ ತೇಪೆಗಳಿಂದಲೇ ಉಬ್ಬಿದ ಪುಸ್ತಕ. ೨೦೧೬ರಲ್ಲಿ ಅದಕ್ಕೆ ಇನ್ನೊಂದು ತಿದ್ದುಪಡಿ ಬಂದು, ದೇಶಕ್ಕೆಲ್ಲ ಒಂದೇ ವೈದ್ಯಕೀಯ ಪ್ರವೇಶ ಪರೀಕ್ಷೆ ಎಂಬ ಮಾತು ಕಾಯ್ದೆಯೊಳಗೆ ಸೇರಿತು. ಆ ವರ್ಷಕ್ಕೆ ರಾಜ್ಯಗಳಿಗೆ ಒಂದಿಷ್ಟು ವಿನಾಯಿತಿಯೂ ಇತ್ತು. ಅದು ತಮ್ಮ ಮಕ್ಕಳಿಗೆ ತಾಗುತ್ತದೋ ಇಲ್ಲವೋ ಎಂದು ತಂದೆತಾಯಂದಿರು ಹುಡುಕಿಕೊಂಡು ಬಂದರು. ಯಲ್ಲಾಪುರ ಕಡೆಯ ಅನಂತಪದ್ಮನಾಭ ಹೆಗಡೆಯವರು ಮೂರು ಸಲ ಬಂದಿದ್ದರಂತೆ.

"'ತಂಗೀ, ಸರಿಯಾಗಿ ನೋಡಿ ಹೇಳು, ನನ್ನ ಮಗಳಿಗೆ ಯಾವ ಪರೀಕ್ಷೆ' ಅಂತ ಕೇಳಿದ್ರು. 'ನಾ ಅಂಟು ಹಚ್ಚವ್ಳು ಹೆಗಡೇರೆ, ಸೀಟು ಕೊಡವ್ಳಲ್ಲ' ಅಂದೆ," ಎಂದು ಬೇಬಿ ನಗುತ್ತಾರೆ. "ಆ ಮನಶ್ಯ ಚೀಟಿ ಮೇಲೆ ಬೆರಳಿಟ್ಟು, ಇದು ಕಿತ್ತು ಬರೂದಿಲ್ವಲ್ಲ ಅಂತ ಕೇಳಿದ್ರು. ನಮ್ಮವ್ವಿ ಮಾಡಿದ ಅಂಟು, ಕಿತ್ತು ಬರೂದಿಲ್ಲ ಅಂದೆ. ಪಾಪ, ಅವ್ರಿಗೆ ಕಿತ್ತು ಬರ್ಬೇಕಿತ್ತೇನ!"

ಮೂರು ವರ್ಷಕ್ಕೆ ಇಡೀ ಪುಸ್ತಕವೇ ಹೋಯಿತು. ೨೦೧೯ರಲ್ಲಿ ವೈದ್ಯಕೀಯ ಆಯೋಗದ ಹೊಸ ಕಾಯ್ದೆ ಬಂತು, ಹಳೆಯದರ ಮೊದಲ ಪುಟಕ್ಕೆ 'ರದ್ದು' ಎಂಬ ಮೊಹರು ಬಿತ್ತು. ೧೯೪೭ರ ದಾದಿಯರ ಕಾಯ್ದೆಗೂ ೨೦೨೩ರ ಹೊಸ ಕಾಯ್ದೆಯಿಂದ ಅದೇ ಗತಿ. ಅವುಗಳ ಒಳಗೆ ಅಂಟಿಸಿದ ಚೀಟಿಗಳೆಲ್ಲ ಈಗ ಯಾರಿಗೂ ಬೇಡ. "ಬೇಜಾರಾಗೂದಿಲ್ವೊ?" ಎಂದು ನಾನು ಕೇಳಿದರೆ ಬೇಬಿ ಹೇಳುತ್ತಾರೆ, "ರಂಗೋಲಿ ಹಾಕವ್ರಿಗೆ ಬೇಜಾರಾಗ್ತದೋ? ನಾಳೆ ಮತ್ತೆ ಅಂಗಳ ಸಾರಸ್ತ್ರು."

ಅವರು ಚೀಟಿ ಅಂಟಿಸುವ ಕ್ರಮ ಬೇರೆ. ನಾಲ್ಕೂ ಬದಿಗೆ ಅಂಟು ಹಚ್ಚುವುದಿಲ್ಲ. ಎಡ ಅಂಚಿಗೆ ಮಾತ್ರ ತೆಳ್ಳಗೆ ಒಂದು ಗೆರೆ. ಚೀಟಿ ಬಾಗಿಲಿನಂತೆ ತೆರೆಯುತ್ತದೆ, ಅಡಿಯ ಹಳೆಯ ಮಾತು ಓದಲು ಸಿಗುತ್ತದೆ. ಇದನ್ನು ಕಲಿಸಿದವರು ಪುಂಡಲೀಕ ಮಾಸ್ತರರೇ. ಕಾಯ್ದೆ ಬದಲಾಗುವ ಮೊದಲು ನಡೆದ ಸಂಗತಿ ಕೋರ್ಟಿಗೆ ಬಂದರೆ ಸಾಮಾನ್ಯವಾಗಿ ಹಳೆಯ ಮಾತೇ ಬೇಕಾಗುತ್ತದೆ. "ಹಳೇ ಕೇಸಿಗೆ ಹಳೇ ಕಾಯ್ದೆ, ಬೇಬೀ. ಮುಚ್ಚಿಬಿಡಬೇಡ," ಎಂದು ಅವರು ಮೊದಲ ದಿನವೇ ಹೇಳಿದ್ದರಂತೆ.

ಆ ಮಾತು ಬೇಬಿಯವರ ಮನೆಗೇ ಬಂದು ತಟ್ಟಿದ್ದು ೨೦೧೬ರ ಒಂದು ಮಧ್ಯಾಹ್ನ. ಆ ವರ್ಷ ಸಂಸತ್ತು ಬಳಕೆ ತಪ್ಪಿದ ನೂರಾರು ಹಳೆಯ ಕಾಯ್ದೆಗಳನ್ನು ಒಂದೇ ಮಸೂದೆಯಲ್ಲಿ ತೆಗೆದುಹಾಕಿತು. ಪಟ್ಟಿ ಓದುತ್ತಿದ್ದ ಮಾಸ್ತರರು ಒಂದು ಸಾಲಿಗೆ ಬಂದು ನಿಂತರು. ಕುಷ್ಠರೋಗಿಗಳ ಕಾಯ್ದೆ, ೧೮೯೮.

"ಹಾಂಗೊಂದು ಕಾಯ್ದೆ ಇತ್ತೋ ಸರ್?" ಎಂದು ಬೇಬಿ ಕೇಳಿದರು. ಮಾಸ್ತರರು ಏಣಿ ಹತ್ತಿ ಹಳೆಯ ಸಂಪುಟ ಇಳಿಸಿ, ಮೆಲ್ಲಗೆ ಓದಿ ಹೇಳಿದರು. ಸರಕಾರ ಆಜ್ಞೆ ಹೊರಡಿಸಿದ ಕಡೆ ಅಂಥವರು ತಿನ್ನುವ ಪದಾರ್ಥ ಮಾರಬಾರದು. ನಿಷೇಧಿಸಿದ ಬಾವಿಯ ನೀರು ಮುಟ್ಟಬಾರದು. ಬಾಡಿಗೆಗೆ ಓಡುವ ಗಾಡಿಯಲ್ಲಿ ಕೂರಬಾರದು.

ಬೇಬಿಗೆ ಆರು ವರ್ಷವಿದ್ದಾಗ ಹೊನ್ನು ಬಸಳೆ, ಹರಿವೆ ಸೂಡಿ ಕಟ್ಟಿಕೊಂಡು ಕಾರವಾರದ ಸಂತೆಗೆ ಹೋಗುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ಯಾರೋ ಅವರ ಕೈ ನೋಡಿದರು. ಚೆಂಡಿಯೆಯ ಹತ್ತಿರ ಕಂಡಕ್ಟರ್ ಸೀಟಿ ಊದಿದ. ಬುಟ್ಟಿ ಮೊದಲು ಇಳಿಯಿತು, ಆಮೇಲೆ ತಾಯಿ, ಮಗಳು. ಬಿಸಿಲಲ್ಲಿ ಅವರ್ಸಾಕ್ಕೆ ನಡೆದುಕೊಂಡು ಬಂದರು. ಸೊಪ್ಪು ಬಾಡಿತ್ತು.

"ಕಾಯ್ದೆ ಇರೂದು ಅವ್ವಿಗೆ ಗೊತ್ತಿರ್ಲಿಲ್ಲ. ಕಂಡಕ್ಟರಂಗೂ ಗೊತ್ತಿರ್ಲಿಕ್ಕಿಲ್ಲ. ನಮ್ಮ ಕಡೆ ಅದು ನಡೀತಿತ್ತೋ ಇಲ್ವೋ ಮಾಸ್ತರಿಗೂ ಗೊತ್ತಿಲ್ಲ. ಆದ್ರೂ ಕಾಯ್ದೇಲಿ ಇದ್ದಹಾಂಗೇ ಆತು," ಎನ್ನುತ್ತಾರೆ ಬೇಬಿ.

ಅಂದಿನಿಂದ ಹೊನ್ನು ಬಸ್ಸು ಹತ್ತಿಲ್ಲ. ಆಸ್ಪತ್ರೆಗೆ ನಡೆದರು, ಅಣ್ಣನ ಮಗನ ಗಾಡಿಯಲ್ಲಿ ಹೋದರು, ಹೋಗದೆಯೂ ಇದ್ದರು. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಬೇಬಿಯನ್ನು ನೋಡಲು ಬಂದವರು ತಾಯಿಯ ಕೈ ನೋಡಿ ಚಾ ಮುಟ್ಟದೆ ಎದ್ದರು. ಎರಡನೆಯ ಸಲವೂ ಹಾಗೇ ಆದ ಮೇಲೆ ಬೇಬಿಯೇ ಸಾಕು ಅಂದರು. ಈಗ ಅವರಿಗೆ ಐವತ್ತನಾಲ್ಕು.

೨೦೧೬ರ ಆ ಸಂಜೆ, ಹಳೆಯ ಕಾಯ್ದೆಗೆ ಒತ್ತಿದ 'ರದ್ದು' ಮೊಹರಿನ ಶಾಯಿ ಬೆರಳಿನಲ್ಲಿರುವಾಗಲೇ ಬೇಬಿ ಮನೆಗೆ ಓಡಿ ಬಂದು ಹೇಳಿದ್ದರಂತೆ.

"ಅವ್ವೀ, ಬಸ್ಸು ಹತ್ಬಾರ್ದು ಅನ್ನೂ ಕಾಯ್ದೆ ತೆಗದ್ರು!"

"ಯಾರು?"

"ದಿಲ್ಲಿಯವ್ರು."

"ದಿಲ್ಲಿಯವ್ರು ಅಂಕೋಲೆ ಬಸ್ಸಲ್ಲಿ ಬತ್ರೋ? ಹೋಗು, ಕೈ ತೊಳ್ಕೋ."

ಇದನ್ನು ನನಗೆ ಹೇಳುವಾಗ ಬೇಬಿ ನಗುತ್ತಾರೆ. ನಗು ಮುಗಿದ ಮೇಲೆ ಮೇಜಿನ ಮೇಲಿನ ಚೀಟಿಯೊಂದನ್ನು ಬೆರಳಿನಿಂದ ಎತ್ತಿ, ಅಡಿಯ ಹಳೆಯ ಸಾಲು ನೋಡಿ, ಮತ್ತೆ ಇಳಿಸುತ್ತಾರೆ. "ನಮ್ಮವ್ವಿ ಹಳೇ ಕೇಸು, ಸರ್. ಮೇಲೆ ಎಷ್ಟು ಚೀಟಿ ಹಚ್ಚಿದ್ರೂ ಅಡೀಲಿ ಹಳೇದೇ ಓದ್ತದೆ."

ನಾನು ಗ್ರಂಥಾಲಯ ನೋಡಿ ಬಂದ ಮರುದಿನ ಬೆಳಿಗ್ಗೆ, ಅವರ್ಸಾದ ಹೆದ್ದಾರಿಯ ಬದಿ. ಹೊನ್ನು ದಿನವೂ ಮಗಳ ಜತೆ ಇಲ್ಲಿಯವರೆಗೆ ಬರುತ್ತಾರೆ, ಎಡಗೈ ಸೆರಗಿನೊಳಗೆ. ಕೈಗಾ ಸ್ಥಾವರದವರ ಬಸ್ಸು ಹಾದುಹೋಗುತ್ತದೆ. ಹಿಂದೆಯೇ ಕಾರವಾರದ ಬಸ್ಸು. ಬಾಗಿಲಿನಿಂದ ಕಂಡಕ್ಟರ್ ಸತೀಶ ಕೂಗುತ್ತಾರೆ.

"ಬೇಬಿಯಕ್ಕಾ, ಇವತ್ತಾದ್ರೂ ಅವ್ವಿನ ಹತ್ತಿಸ್ತ್ರೋ? ಹೆಂಗಸ್ರಿಗೆ ಟಿಕೀಟೇ ಇಲ್ಲ, ಇನ್ನೆಂತದು ಚೌಕಾಸಿ?"

"ನಿನ್ ಬಸ್ಸು ಮೊದ್ಲು ಸಮಾ ನಿಲ್ಸೂಕೆ ಕಲಿ," ಎಂದು ಹೊನ್ನು ಜರೆಯುತ್ತಾರೆ.

ಬಸ್ಸು ನಿಜಕ್ಕೂ ನಾಲ್ಕು ಮಾರು ಮುಂದೆ ಹೋಗಿ ನಿಂತಿದೆ. ನನ್ನ ಹಿಂದೆ ಬೇಬಿ ಓಡಿ ಹತ್ತುತ್ತಾರೆ. ಗಡಿಬಿಡಿಯಲ್ಲಿ ಅಂಟಿನ ಡಬ್ಬಿ ತಾಯಿಯ ಕೈಯಲ್ಲೇ ಉಳಿದಿದೆ. ಒಳಗೆ ಜನ ಒತ್ತಿ ನಿಂತಿದ್ದಾರೆ, ಬೇಬಿಗೆ ತಿರುಗಿ ಇಳಿಯಲು ಜಾಗವಿಲ್ಲ. ಹೊನ್ನು ಬಾಗಿಲಿಗೆ ಬಂದು ಡಬ್ಬಿ ಎತ್ತುತ್ತಾರೆ. ಎಟುಕುವುದಿಲ್ಲ. ಸತೀಶ ಸೀಟಿ ಊದದೆ ನಿಂತಿದ್ದಾರೆ. ಅಜ್ಜಿ ಒಂದು ಗಳಿಗೆ ಅವರ ಮುಖ ನೋಡುತ್ತಾರೆ. ಸೆರಗಿನಿಂದ ಎಡಗೈ ಹೊರಗೆ ಬಂದು ಬಾಗಿಲ ಕಂಬಿಗೆ ಒರಗುತ್ತದೆ, ಬಲಗಾಲು ಮೆಟ್ಟಿಲ ಮೇಲೆ ಬರುತ್ತದೆ. ಡಬ್ಬಿ ಮಗಳಿಗೆ ಮುಟ್ಟುತ್ತದೆ. ಕಾಲು ಮತ್ತೆ ನೆಲಕ್ಕೆ ಇಳಿಯುತ್ತದೆ.

"ನಡೀರಿ, ಹೊತ್ತಾತು," ಎನ್ನುತ್ತಾರೆ ಹೊನ್ನು.

ಬಸ್ಸು ಹಾರವಾಡ ದಾಟುವವರೆಗೂ ಬೇಬಿ ಡಬ್ಬಿ ಎದೆಗೊತ್ತಿಕೊಂಡು ನಿಂತಿದ್ದಾರೆ. ಆಮೇಲೆ, ತನಗೇ ಹೇಳಿಕೊಂಡ ಹಾಗೆ:

"ಒಂದು ದಿನ ಈ ಡಬ್ಬಿ ಅವ್ವಿ ತೊಡೆ ಮೇಲೆ ಇಟ್ಕಂಡು ಕಾರವಾರಕ್ಕೆ ಬರ್ಬೇಕು. ಕಿಟಕಿ ಬದಿಗೆ ಕೂತು. ನಾ ನಿಂತ್ರೂ ಅಡ್ಡಿಲ್ಲ. ಬೇರೆ ಎಂತದೂ ಬೇಡ."

ಮತ್ತೆ ಸ್ವಲ್ಪ ಹೊತ್ತಿಗೆ, ನನ್ನ ಕಡೆ ತಿರುಗಿ:

"ಇವತ್ತು ಒಂದು ಕಾಲು ಹತ್ತೀತು, ಕಂಡ್ರೋ? ಇನ್ನು ಒಂದೇ ಉಳದದ್ದು."