ಲಿಫ್ಟಿನ ಮೇಲೆ ಕೂತ ಹುಡುಗಿ

ಕೊರೊನಾ ಮುಗಿದು, ಜನ ಮಾಸ್ಕನ್ನು ಸ್ಕೂಟರ್ ಡಿಕ್ಕಿಯಲ್ಲಿ ಹಾಕಿ ಮರೆತ ವರ್ಷ ಅದು. ಆಗ ನಾನು ಒಂದು ಖಾಸಗಿ ಲಿಫ್ಟ್ ಕಂಪನಿಯಲ್ಲಿ ಸರ್ವೀಸ್ ಸೂಪರ್‌ವೈಸರ್ ಆಗಿದ್ದೆ. ಆಫೀಸು ಯಶವಂತಪುರದಲ್ಲಿ, ಮನೆ ಆರ್.ಟಿ. ನಗರದಲ್ಲಿ, ನೋಡಿಕೊಳ್ಳಬೇಕಾದ ಲಿಫ್ಟುಗಳೆಲ್ಲ ಯಲಹಂಕದ ಸುತ್ತಮುತ್ತ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಲಿಫ್ಟು ಓಡಾಡುವ ಶಾಫ್ಟಿನೊಳಗೆ ಮಳೆನೀರು ನುಗ್ಗಿದ್ದು, ಮುಹೂರ್ತದ ಹೊತ್ತಿಗೆ ಮದುಮಗಳು ಒಳಗೆ ಸಿಕ್ಕಿಕೊಂಡದ್ದು, ಇಂಥವನ್ನೆಲ್ಲ ಕೇಳಿದವರಿಗೆ ಉಪ್ಪು ಖಾರ ಹಚ್ಚಿ ಹೇಳುತ್ತೇನೆ. ಯಲಹಂಕ ಪಕ್ಕದ ಕೋಗಿಲಿನ ಈ ಪ್ರಸಂಗವನ್ನು ಮಾತ್ರ ಮನೆಯಲ್ಲೂ ಪೂರ್ತಿ ಹೇಳಿಲ್ಲ. ಹೇಳಲು ನಾಚಿಕೆಯಾಗುತ್ತದೆ.

ಕೋಗಿಲಿನ ಆ ಅಪಾರ್ಟ್‌ಮೆಂಟಿಗೆ ಒಂಬತ್ತು ಮಹಡಿ, ಎರಡು ಲಿಫ್ಟು. ಒಂದರಲ್ಲಿ ಉದ್ದನೆಯ ಕನ್ನಡಿ, ಸ್ಟೀಲಿನ ಹಿಡಿ, ತಣ್ಣನೆಯ ಫ್ಯಾನು. ಇನ್ನೊಂದು ಸರ್ವೀಸ್ ಲಿಫ್ಟು, ಕಸದ ಡ್ರಮ್ಮು ಹೋಗುವುದೂ ಅದರಲ್ಲೇ. ಕೊರೊನಾ ಕಾಲದಲ್ಲಿ ಅಲ್ಲಿನ ಅಸೋಸಿಯೇಷನ್ನಿನವರು ಕನ್ನಡಿ ಲಿಫ್ಟಿನ ಬಾಗಿಲ ಪಕ್ಕ ಒಂದು ಬೋರ್ಡು ಹಾಕಿಸಿದರು: ಮನೆಕೆಲಸದವರು, ಡ್ರೈವರುಗಳು, ಡೆಲಿವರಿಯವರು, ವಾಚ್‌ಮನ್ ಮತ್ತು ಅವರ ಮನೆಯವರು ಈ ಲಿಫ್ಟ್ ಬಳಸುವಂತಿಲ್ಲ. ಆ ಬೋರ್ಡನ್ನು ಡ್ರಿಲ್ ಮಾಡಿ, ಸ್ಕ್ರೂ ಹಾಕಿ ಕೂರಿಸಿದವನು ನಾನೇ. ಸೊಟ್ಟಗಾಯಿತೇನೋ ಎಂದು ಎರಡು ಹೆಜ್ಜೆ ಹಿಂದೆ ಸರಿದು ನೋಡಿದ್ದು ಕೂಡ ನೆನಪಿದೆ. ಕಾಯಿಲೆ ಹೋಯಿತು, ಬೋರ್ಡು ಉಳಿಯಿತು. ತಿಂಗಳಿಗೊಮ್ಮೆ ಸರ್ವೀಸಿಗೆ ಹೋಗುತ್ತಿದ್ದ ನನಗೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ.

ಅಲ್ಲಿನ ವಾಚ್‌ಮನ್ ಮುನಿಕೃಷ್ಣಪ್ಪ, ರಾಜಾನುಕುಂಟೆ ಕಡೆಯವನು. ಪಂಪ್‌ಹೌಸ್ ಪಕ್ಕದ ಕೋಣೆಯಲ್ಲಿ ಹೆಂಡತಿ ಮತ್ತು ಮಗಳ ಜೊತೆ ಇದ್ದ. ಮಗಳು ಭವ್ಯ, ಏಳನೇ ಕ್ಲಾಸು. ಲಿಫ್ಟಿನ ಬಾಗಿಲನ್ನು ಹೊರಗಿನಿಂದ ತೆರೆಯಲು ಒಂದು ವಿಶೇಷ ಕೀಲಿ ಇರುತ್ತದೆ. ನಿಯಮದ ಪ್ರಕಾರ ಅದು ನಮ್ಮ ಮೆಕ್ಯಾನಿಕ್ ಕೈಯಲ್ಲೇ ಇರಬೇಕು. ಆದರೆ ಯಾರಾದರೂ ಒಳಗೆ ಸಿಕ್ಕಿಕೊಂಡರೆ, ನಾವು ಹೆಬ್ಬಾಳದ ಫ್ಲೈಓವರ್ ದಾಟಿ ಬರುವಷ್ಟರಲ್ಲಿ ಅವರ ಪ್ರಾಣ ಬಾಯಿಗೆ ಬಂದಿರುತ್ತದೆ. ಹಾಗಾಗಿ ಒಂದು ಕೀಲಿಯನ್ನು ವಾಚ್‌ಮನ್ ಕೋಣೆಯ ಮೊಳೆಗೆ ನೇತುಹಾಕಿ ಬರುವುದು ನಮ್ಮ ಲೈನಿನಲ್ಲಿ ಎಲ್ಲರೂ ಮಾಡುವ ಕೆಲಸ. ನಾನೂ ಮಾಡಿದ್ದೆ.

ಅಂದು ಭಾನುವಾರ. ಮೆಕ್ಯಾನಿಕ್ ರಜೆ ಹಾಕಿ ತಂಗಿಯ ಮದುವೆಗೆ ಹೋಗಿದ್ದ. ನಾನು ಊಟಕ್ಕೆ ಕೂತಿದ್ದಾಗ ಮುನಿಕೃಷ್ಣಪ್ಪನ ಫೋನು ಬಂತು.

"ಸಾರ್, ಕನ್ನಡಿ ಲಿಫ್ಟ್ ನಿಂತೋಗೈತೆ. ಒಳಗೆ ಸೆಕ್ರೆಟರಿ ಮೂರ್ತಿ ಸಾರ್ ಅವ್ರೆ."

"ಕೀ ತಗೊಂಡು ಬಾಗ್ಲು ತೆಗಿಯಪ್ಪ."

"ಮೊಳೆ ಮೇಲೆ ಕೀ ಇಲ್ಲ ಸಾರ್."

ಸ್ಕೂಟರ್ ಹತ್ತುವ ಮೊದಲೇ ಇನ್ನೊಂದು ಫೋನು ಬಂತು. ಈ ಸಲ ಮಾಡಿದವರು ಲಿಫ್ಟಿನೊಳಗಿದ್ದ ಮೂರ್ತಿಯವರೇ. ಬ್ಯಾಂಕಿನಿಂದ ನಿವೃತ್ತರಾದ ಮನುಷ್ಯ, ಯಾವಾಗಲೂ ಗಟ್ಟಿ ದನಿ. ಆವತ್ತು ಪಿಸುಗುಟ್ಟುತ್ತಿದ್ದರು. "ನಾಗರಾಜ್, ನನ್ನ ತಲೆ ಮೇಲೆ ಯಾರೋ ಅಳ್ತಿದಾರೆ ಕಣ್ರೀ. ಸಣ್ಣ ಹುಡುಗಿ ಥರ ಇದೆ. ಹೆಸರು ಕೇಳಿದ್ರೆ ಭವ್ಯ ಅಂತಿದೆ."

ಲಿಫ್ಟಿನ ಪೆಟ್ಟಿಗೆಯ ಮೇಲೆ ನಮ್ಮವರು ನಿಂತು ಕೆಲಸ ಮಾಡಲು ಸ್ವಲ್ಪ ಜಾಗವಿರುತ್ತದೆ, ಜೊತೆಗೆ ಕೆಂಪು ಬಣ್ಣದ ಒಂದು ಸ್ಟಾಪ್ ಬಟನ್. ಒತ್ತಿದರೆ ಲಿಫ್ಟು ನಿಲ್ಲುತ್ತದೆ, ಹೊರಕ್ಕೆಳೆದರೆ ಮತ್ತೆ ಹೊರಡುತ್ತದೆ. ಪೆಟ್ಟಿಗೆ ಮೇಲೇರುವಾಗ ಅದಕ್ಕೆ ಸಮತೂಕವಾಗಿ ಕಟ್ಟಿದ ಕಬ್ಬಿಣದ ಭಾರ, ಅಂದರೆ ಕೌಂಟರ್‌ವೇಟ್, ಪಕ್ಕದಲ್ಲೇ ಕೆಳಗಿಳಿಯುತ್ತದೆ. ಕೈಯನ್ನೋ ತಲೆಯನ್ನೋ ಸ್ವಲ್ಪ ಆಚೆ ಚಾಚಿದರೂ ಮುಗಿಯಿತು. ಮಗು ಗಾಬರಿಯಲ್ಲಿ ಆ ಬಟನ್ ಎಳೆದರೆ ಏನಾಗಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಸಾರ್, ನೀವು ಯಾವ ಬಟನ್ನೂ ಮುಟ್ಬೇಡಿ. ಅವಳಿಗೆ ಮಧ್ಯದಲ್ಲಿ ಕೂತ್ಕೊಂಡಿರೋಕೆ ಹೇಳಿ. ಕೆಂಪು ಬಟನ್ ಎಳೀಬಾರ್ದು ಅಂತ ಹೇಳಿ. ಮಾತಾಡಿಸ್ತಾನೇ ಇರಿ," ಎಂದೆ.

ಮುಖ್ಯ ಕೆಲಸ ಇನ್ನೂ ಉಳಿದಿತ್ತು. ಟೆರೇಸಿನ ಮೆಷಿನ್ ರೂಮಿಗೆ ಹೋಗಿ ಲಿಫ್ಟಿನ ಮೇನ್ ಸ್ವಿಚ್ ಆಫ್ ಮಾಡಬೇಕಿತ್ತು. ಆ ರೂಮು ಗೊತ್ತಿದ್ದವನು ಅಲ್ಲಿ ಮುನಿಕೃಷ್ಣಪ್ಪ ಒಬ್ಬನೇ. ಅವನಿಗೆ ಫೋನ್ ಮಾಡಿ, ಎಡಗಡೆಯ ದೊಡ್ಡ ಸ್ವಿಚ್ ಕೆಳಗೆ ಮಾಡು ಎಂದೆ. ಲಿಫ್ಟಿನ ಮೇಲಿರುವುದು ನಿನ್ನ ಮಗಳು ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಟೆರೇಸಿಗೆ ಹೋಗದೆ ಮಗಳಿದ್ದ ಕಡೆಗೇ ಓಡುತ್ತಿದ್ದ. ಅವನು ಏದುಸಿರಿನಲ್ಲಿ "ಆಫ್ ಮಾಡ್ದೆ ಸಾರ್" ಎನ್ನುವವರೆಗೆ ನಾನು ಸ್ಕೂಟರ್ ಸ್ಟಾರ್ಟ್ ಮಾಡಲಿಲ್ಲ.

ಹೆಬ್ಬಾಳದಲ್ಲಿ ಭಾನುವಾರವೂ ಜಾಮ್. ನಾನು ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಲಿಫ್ಟು ನಾಲ್ಕು ಮತ್ತು ಐದನೇ ಮಹಡಿಗಳ ನಡುವೆ ನಿಂತಿತ್ತು. ಐದನೆಯದರ ಬಾಗಿಲನ್ನು ನನ್ನ ಕೀಲಿಯಿಂದ ತೆರೆದೆ. ಒಂದು ಮೊಳ ಕೆಳಗೆ, ಗ್ರೀಸು ಮೆತ್ತಿದ ಫ್ರಾಕಿನಲ್ಲಿ, ಭವ್ಯ ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಮುಷ್ಟಿಯಲ್ಲಿ ಕೀಲಿ. ಇನ್ನೊಂದು ಕೈಯ ಹೆಬ್ಬೆರಳು ಕೆಂಪು ಬಟನ್ನಿನ ಮೇಲೆ. ಒಮ್ಮೆ ಒತ್ತಿದರೆ ಆ ಬಟನ್ ತಾನಾಗಿಯೇ ಒಳಗೆ ಕೂತಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಬಿಟ್ಟರೆ ಲಿಫ್ಟು ಹೊರಟುಬಿಡುತ್ತದೆಂದು ಅಷ್ಟು ಹೊತ್ತೂ ಒತ್ತಿ ಹಿಡಿದಿದ್ದಳು. ಕೆಳಗಿನಿಂದ ಫ್ಯಾನಿನ ಸಂದಿಯಲ್ಲಿ ಮೂರ್ತಿಯವರು ಮಗ್ಗಿ ಹೇಳಿಸುತ್ತಿದ್ದರು. ಹದಿಮೂರರ ಮಗ್ಗಿಯಲ್ಲಿದ್ದರು.

ರಟ್ಟೆ ಹಿಡಿದು ಮೇಲೆಳೆದುಕೊಂಡೆ. "ಅಪ್ಪಂಗೆ ಯೋಳ್ಬೇಡಿ ಸಾರ್," ಎಂದಳು. ಅಪ್ಪ ನನ್ನ ಹಿಂದೆಯೇ ನಿಂತಿದ್ದ.

ಅವಳನ್ನು ಅಲ್ಲೇ ಕೂರಿಸಿ, ಮೆಷಿನ್ ರೂಮಿಗೆ ಹೋಗಿ, ಬ್ರೇಕ್ ಸಡಿಲಿಸಿ ಚಕ್ರವನ್ನು ಕೈಯಿಂದಲೇ ತಿರುಗಿಸಿ ಲಿಫ್ಟನ್ನು ನಾಲ್ಕನೇ ಮಹಡಿಗೆ ಇಳಿಸಿದೆ. ನಾನು ವಾಪಸ್ ಬರುವ ಹೊತ್ತಿಗೆ ಮೂರ್ತಿಯವರು ಬೆವರಿನಲ್ಲಿ ತೊಯ್ದು ಮೆಟ್ಟಿಲು ಹತ್ತಿ ಬಂದಿದ್ದರು. ಮುನಿಕೃಷ್ಣಪ್ಪ ಮಗಳ ಮೇಲೆ ಎತ್ತಿದ ಕೈಯನ್ನು ಅವರು ಹಿಡಿದುಕೊಂಡಿದ್ದರು.

"ಬೇಡ ಕಣಯ್ಯ. ಅದೇ ಹೆದರಿ ಸಾಯ್ತಿದೆ."

ಮುನಿಕೃಷ್ಣಪ್ಪ ಆ ಕೈ ಬಿಡಿಸಿಕೊಂಡು ಅವರಿಗೇ ಮುಗಿದ. "ತಪ್ಪಾಯ್ತು ಸ್ವಾಮಿ. ಇನ್ನೊಂದ್ ಸಲ ಇಂಗಾಗಲ್ಲ. ರೂಮ್ ಖಾಲಿ ಮಾಡಿ ಅನ್ಬೇಡಿ." ಮಗಳಿಗೆ ಪೆಟ್ಟಾಗಿದೆಯೇ ಎಂದು ಅವನಿನ್ನೂ ಕೇಳಿರಲಿಲ್ಲ.

ಮೂರ್ತಿಯವರು ಮಂಡಿಯೂರಿ ಕೂತು ಅವಳನ್ನೇ ಕೇಳಿದರು. "ಅಲ್ಲಮ್ಮಾ, ಅಲ್ಲಿ ಯಾಕ್ ಹತ್ತಿದೆ?"

"ಆ ಲಿಫ್ಟಲ್ಲಿ ಓಗ್ಬೇಕು ಅನ್ನುಸ್ತು."

"ಹೋಗ್ಬೇಕು ಅನ್ಸಿದ್ರೆ ಒಳಗೆ ಹೋಗ್ಬೇಕಿತ್ತಲ್ಲ?"

ಹುಡುಗಿ ಅಪ್ಪನ ಮುಖ ನೋಡಿದಳು. "ಒಳಗೆ ಕ್ಯಾಮೆರಾ ಐತೆ. ಆವತ್ತು ನಾನು ಬಂದಿದ್ದಕ್ಕೆ ನೀವು ಅಪ್ಪಂಗೆ ಬಯ್ದ್ರಲ್ಲ. ಬೋರ್ಡ್ ಓದಕ್ ಬರಲ್ವಾ ಅಂತ. ಮೇಲೆ ಕೂತ್ರೆ ಯಾರ್ಗೂ ಕಾಣಲ್ಲ."

ನಮ್ಮ ಮೆಕ್ಯಾನಿಕ್ ಹೇಗೆ ಬಾಗಿಲು ತೆರೆದು ಪೆಟ್ಟಿಗೆಯ ಮೇಲೆ ಇಳಿಯುತ್ತಾನೆಂದು ನೋಡಿ ಕಲಿತಿದ್ದಳಂತೆ. ಮೊದಲೂ ಎರಡು ಸಲ ಹೋಗಿ ಬಂದಿದ್ದಳಂತೆ. ಈ ಸಲ ಕೌಂಟರ್‌ವೇಟ್ ಎದುರಿಗೆ ಬರುವುದನ್ನು ಕಂಡು ಬೆದರಿ ಬಟನ್ ಒತ್ತಿದ್ದಳು. ಮೂರ್ತಿಯವರು ಕನ್ನಡಕ ತೆಗೆದು ಒರೆಸುತ್ತಲೇ ಇದ್ದರು. ನನಗೆ ನನ್ನ ಡ್ರಿಲ್ಲಿನ ಸದ್ದು ನೆನಪಾಯಿತು. ಬೇರೆಯವರ ಮುಖ ನೋಡಲಾಗದೆ ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬುತ್ತಾ ಕೂತೆ.

ಸಂಜೆ ಅಸೋಸಿಯೇಷನ್ನಿನ ಮೀಟಿಂಗು. ವಾಚ್‌ಮನ್ ಕುಟುಂಬವನ್ನು ಆ ವಾರವೇ ಕಳಿಸಬೇಕೆಂದು ಕೆಲವರು ಪಟ್ಟು ಹಿಡಿದರು. ನಾನು ಎದ್ದು, ಕೀಲಿ ಅಲ್ಲಿ ಇಟ್ಟವನು ನಾನು, ಕಳಿಸುವುದಾದರೆ ನಮ್ಮ ಕಂಪನಿಯನ್ನು ಕಳಿಸಿ ಎಂದೆ. ಮೂರ್ತಿಯವರೂ ನನ್ನ ಪರ ನಿಂತರು. ಮುನಿಕೃಷ್ಣಪ್ಪನ ಕೆಲಸ ಉಳಿಯಿತು, ನನಗೆ ಆಫೀಸಿನಲ್ಲಿ ಮೆಮೊ ಸಿಕ್ಕಿತು. ಬೋರ್ಡಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಮೂರ್ತಿಯವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದು ಮಗುವಿನ ಪ್ರಾಣ ಹೋಗಿ ಬಂದ ದಿನವೂ ನಮ್ಮಿಬ್ಬರ ಬಾಯಿಗೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ನನ್ನ ನಾಚಿಕೆ ಇರುವುದು ಅಲ್ಲಿ.

ಪ್ರತಿ ಲಿಫ್ಟಿನೊಳಗೂ ಒಂದು ಫಲಕವಿರುತ್ತದೆ: ಎಂಟು ಜನ, 544 ಕಿಲೋ. ತಲೆಗೆ ಅರವತ್ತೆಂಟು ಕಿಲೋ ಎಂಬುದು ನಮ್ಮ ಲೆಕ್ಕ. ಫ್ಲಾಟಿನ ಓನರ್ ಆದರೂ ಅಷ್ಟೇ, ಕಸ ಗುಡಿಸುವವಳಾದರೂ ಅಷ್ಟೇ. ಮೆಷಿನ್ನಿಗೆ ಗೊತ್ತಿದ್ದ ಇಷ್ಟು ಸಣ್ಣ ವಿಷಯ ಮೆಷಿನ್ ನೋಡಿಕೊಳ್ಳುವವನಿಗೆ ಗೊತ್ತಾಗಲು ಮೂವತ್ತು ವರ್ಷದ ಸರ್ವೀಸು ಬೇಕಾಯಿತು.

ಮುಂದಿನ ತಿಂಗಳು ಸರ್ವೀಸಿಗೆ ಹೋದಾಗ ಯಾರನ್ನೂ ಕೇಳದೆ ಸ್ಕ್ರೂ ಬಿಚ್ಚಿ ಬೋರ್ಡನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಎಲ್ಲಿ ಹೋಯಿತೆಂದು ಯಾರೂ ವಿಚಾರಿಸಲಿಲ್ಲ. ಗೇಟಿನ ಹತ್ತಿರ ಭವ್ಯ ಕಂಡಳು. "ಬಾಮ್ಮ, ಒಂದ್ ರೌಂಡ್ ಹೋಗ್ಬರೋಣ," ಎಂದೆ. ಅಪ್ಪ ತಲೆಯಾಡಿಸಿದ ಮೇಲೆ ಬಂದಳು. ಲಿಫ್ಟಿನ ಬಾಗಿಲು ತೆರೆಯಿತು. ಅವಳು ಚಪ್ಪಲಿಯನ್ನು ಹೊರಗೆ ಗೋಡೆಯ ಪಕ್ಕ ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಬಂದು ಮೂಲೆಯಲ್ಲಿ ನಿಂತಳು.

ನಾನು ಹೊರಗೆ ಹೋಗಿ ಆ ಚಪ್ಪಲಿ ಎತ್ತಿ ತಂದು ಅವಳ ಕಾಲ ಬಳಿ ಇಟ್ಟೆ. "ಹಾಕ್ಕೋಮ್ಮ," ಎಂದೆ. ಹಾಕಿಕೊಂಡಳು. ಒಂಬತ್ತನ್ನು ಒತ್ತು ಎಂದೆ, ಒತ್ತಿದಳು. ಕ್ಯಾಮೆರಾಕ್ಕೆ ಮುಖ ಕಾಣದ ಹಾಗೆ ತಲೆ ತಗ್ಗಿಸಿಯೇ ನಿಂತಿದ್ದಳು. ಒಂಬತ್ತನೇ ಮಹಡಿ ಬರುವವರೆಗೆ ನಾನೂ ತಲೆ ಎತ್ತಲಿಲ್ಲ.