ಎಲ್ಲಾ ಮಿದುಳಿನ ಕೆಲಸರೀ
ಮಕ್ತಲ್ ಬಸ್ ನಿಲ್ದಾಣದೆದುರು ಔಷಧಿ ಅಂಗಡಿ ಇಟ್ಟಿರುವ ವಾದೀಂದ್ರರಾಯರು ಯಾರ ತಪ್ಪನ್ನೂ ಅವರ ತಪ್ಪೆನ್ನುವುದಿಲ್ಲ. ಎಲ್ಲವನ್ನೂ ಮಿದುಳಿನ ಲೆಕ್ಕಕ್ಕೆ ಹಾಕುತ್ತಾರೆ. ತಲೆನೋವಿನ ಗುಳಿಗೆಗೆ ಬಂದವರಿಗೂ ಮೊಬೈಲಿನಲ್ಲಿ ಹೊಸ ಸಂಶೋಧನೆ ತೋರಿಸದೆ ಬಿಡುವುದಿಲ್ಲ. ಸೊಸೆ ಸಿಡುಕುತ್ತಾಳೆಂದು ಚನ್ನವೀರಮ್ಮ ಅತ್ತರೆ, "ಆಕೀದೇನೂ ತಪ್ಪಿಲ್ಲಮ್ಮ, ನಿದ್ದಿಗೆಟ್ಟ ಮಿದುಳು ಹಂಗ ಮಾಡ್ತೈತಿ" ಎನ್ನುತ್ತಾರೆ. ಕುಡಿದು ಬಂದು ಬೈಯುವ ಭೀಮಣ್ಣನಿಗೂ ಅದೇ ಮಾಫಿ. ಊರು ನಗುತ್ತದೆ. ಈ ಓದಿನ ಹುಚ್ಚು ಹತ್ತಿದ್ದು, ಎಂದೂ ದನಿಯೆತ್ತದಿದ್ದ ಹೆಂಡತಿ ಸರಸ್ವತಿಬಾಯಿ ಒಂದು ದಿನ ಊಟದ ತಟ್ಟೆ ಎಸೆದು, "ನಿಮ್ಮ ಮಾರಿ ಕಂಡ್ರ ನನಗ ಮದಲಿಂದಾನೂ ಆಗಂಗಿಲ್ಲ" ಎಂದ ಮೇಲೆ. "ಮಿದುಳಿನ ಮುಂದಿನ ಭಾಗ ಒಣಗೈತ್ರಿ, ಮಾತು ತಡಿಯೋ ಶಕ್ತಿ ಹೋಗೈತಿ. ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು ರಾಯಚೂರಿನ ಡಾಕ್ಟರು. ಅಂದಿನಿಂದ ರಾಯರು ಸಿಕ್ಕಿದ್ದೆಲ್ಲ ಓದುತ್ತಾರೆ. ಆಕೆಗೆ ತುತ್ತು ಉಣಿಸುತ್ತ, ಬೈಗುಳ ಕೇಳುತ್ತ, ಇದು ಆಕಿಯಲ್ಲ, ರೋಗ ಎಂದುಕೊಳ್ಳುತ್ತಾರೆ. ಆದರೆ ತಡೆಯುವ ಶಕ್ತಿ ಹೋಗಿದೆಯೆಂದರೆ, ಅಷ್ಟು ವರ್ಷ ಆಕೆ ತಡೆದಿಟ್ಟುಕೊಂಡಿದ್ದೇನು? ಇದೊಂದನ್ನು ಡಾಕ್ಟರನ್ನು ಕೇಳಲೇಬೇಕೆಂದು ಪ್ರತಿ ಸಲವೂ ರಾಯಚೂರಿನ ಬಸ್ಸು ಹತ್ತುತ್ತಾರೆ. ಗುಳಿಗೆ ಬರೆಸಿಕೊಂಡು, ಕೇಳದೆಯೇ ಹಿಂದಿರುಗುತ್ತಾರೆ.